ಖಾಲಿ ಮನೆಯೊಳಗೆ ನಮ್ಮತ್ತೆ

ನಮ್ಮ ಸೋದರತ್ತೆ ಕೊಳ್ಳೇಗಾಲದ ಸಂತೆಬೀದಿಯ ಮೂಲೆಮನೆಯಲ್ಲಿ ವಾಸವಾಗಿದ್ದಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಾಸ ಮಾಡುವುದು ನಾನು, ನೀವು. ಅತ್ತೆ ಆ ಮನೆಯ ಮೇಲೆ ಕಾವು ಕೂತಿದ್ದಳು! ಮೊಟ್ಟೆಯ ಮೇಲೆ ಕೂತ ಕೋಳಿಯಾದರೂ ದಿನಕ್ಕೊಮ್ಮೆ ಎದ್ದು, ನಾಲ್ಕು ಕಾಳು ಕುಕ್ಕಿ, ಅಂಗಳದಲ್ಲಿ ಎರಡು ಸುತ್ತು ಹಾಕಿ ಬರುತ್ತದೆ. ನಮ್ಮತ್ತೆಗೆ ಅಷ್ಟೂ ಪುರುಸೊತ್ತಿರಲಿಲ್ಲ. ಹತ್ತಿರ ಹತ್ತಿರ ಹದಿನಾಲ್ಕು ವರ್ಷ ಆಕೆ ಆ ಮನೆಯನ್ನು ಒಂದು ಗಳಿಗೆಯೂ ಖಾಲಿ ಬಿಡಲಿಲ್ಲ.

ಖಾಲಿ ಎಂಬ ಪದವನ್ನು ಆಕೆಯ ಮುಂದೆ ಆಡುವ ಹಾಗೇ ಇರಲಿಲ್ಲ. "ಅತ್ತೆ, ಕಾಫಿಪುಡಿ ಖಾಲಿ" ಅಂದರೂ ಬೆಚ್ಚಿಬೀಳುತ್ತಿದ್ದಳು. "ಮುಗೀತು ಅನ್ನು, ತೀರ್ತು ಅನ್ನು. ಆ ಮಾತ್ನ ಮಾತ್ರ ನನ್ ಒಸ್ಲು ದಾಟಿಸಬ್ಯಾಡ ಕಣ್ಲಾ!" ಬಾಗಿಲು ತಟ್ಟಿದರೆ ಲೋಕದ ಜನವೆಲ್ಲ "ಯಾರು?" ಎಂದು ಕೇಳುತ್ತಾರೆ. ಅತ್ತೆ ಮಾತ್ರ ಒಳಗಿನಿಂದ "ಇವ್ನೀ...!" ಎಂದು ಕೂಗುತ್ತಿದ್ದಳು. ಇದ್ದೀನಿ ಎಂಬುದನ್ನು ನಮ್ಮ ಕಡೆ ಹಾಗೆ ಅನ್ನುತ್ತಾರೆ. ಸೊಪ್ಪಿನವಳು ಕೂಗಿದರೂ ಇವ್ನೀ, ಬಳೆಗಾರ ಕೂಗಿದರೂ ಇವ್ನೀ, ಪಕ್ಕದ ಮನೆಯ ಬಾಗಿಲು ತಟ್ಟಿದರೂ ಇವ್ನೀ! ಬಂದವರು ಯಾರು ಎಂಬುದು ಆಕೆಗೆ ಮುಖ್ಯವಲ್ಲ, ತಾನು ಇದ್ದೇನೆ ಎಂಬುದು ಅವರಿಗೆ ಗೊತ್ತಾಗಬೇಕು, ಅಷ್ಟೆ.

ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಸಂತೆಯ ದಿನ ಈರುಳ್ಳಿ ರಾಶಿ ಬೀಳುತ್ತದೆ. ಕೊಳ್ಳುವವರು ಒಂದೊಂದೇ ಹಿಸುಕಿ ನೋಡಿ ಆರಿಸುತ್ತಾರೆ, ತಾವು ನಮ್ಮತ್ತೆಯ ಅಡುಗೆಮನೆಯಲ್ಲಿ ನಿಂತಿದ್ದೇವೆ ಎಂಬುದು ಅವರಿಗೇನು ಗೊತ್ತು? ಆ ಮನೆ ಹೇಗೆ ಬಿತ್ತು ಎಂಬುದನ್ನು ಹೇಳಬೇಕಾದವನು ನಾನೇ. ಬೀಳಿಸಿದ ಪಾಪದಲ್ಲಿ ನನ್ನದೂ ಒಂದು ಪಾಲಿದೆ.

ಮೊದಲಿಂದ ಹೇಳುತ್ತೇನೆ. ನಮ್ಮ ಮಾವ, ಅಂದರೆ ಅತ್ತೆಯ ಗಂಡ, ರೇಷ್ಮೆ ಸೀರೆ ನೇಯುತ್ತಿದ್ದ. ಆಗ ಕೊಳ್ಳೇಗಾಲ ಮದ್ರಾಸು ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕಾಗದಪತ್ರವೆಲ್ಲ ತಮಿಳು. ಮಾವ ಸಂತೆಬೀದಿಯ ಮೂಲೆಯಲ್ಲಿ ಒಂದು ಚೂರು ಜಾಗ ಕೊಂಡು, ತಾನೇ ಮಣ್ಣು ತುಳಿದು ಗೋಡೆ ಎಬ್ಬಿಸಿ, ನಾಡಹೆಂಚು ಹೊದಿಸಿ ಎರಡಂಕಣದ ಮನೆ ಕಟ್ಟಿದ. ಮುಂದಿನ ಅಂಕಣದಲ್ಲಿ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಹಿಂದಿನ ಅಂಕಣದಲ್ಲಿ ಒಲೆ, ಬಚ್ಚಲು, ದೇವರು, ಸಂಸಾರ. ಬಾಗಿಲನ್ನು ಮಾವ ತನ್ನ ಎತ್ತರಕ್ಕೆ ಸರಿಯಾಗಿ ಮಾಡಿಸಿದ್ದ, ಮಾವ ಗಿಡ್ಡ. ಹೀಗಾಗಿ ನಮ್ಮ ಬಳಗದಲ್ಲಿ ಆ ಬಾಗಿಲಿಗೆ ತಲೆ ಬಡಿಸಿಕೊಂಡು ಹಣೆಯ ಮೇಲೆ ಬುಗುಟು ಎಬ್ಬಿಸಿಕೊಳ್ಳದವರು ಒಬ್ಬರೂ ಇಲ್ಲ. ಮನೆ ಕಟ್ಟಿದ ಮೇಲೆ ಕಚೇರಿಗೆ ಹೋಗಿ, ನಾನು ಇಲ್ಲಿ ಮನೆ ಕಟ್ಟಿದ್ದೇನೆ ಎಂದು ತಿಳಿಸಬೇಕು ಎಂದು ಯಾರೋ ಹೇಳಿದರಂತೆ. "ಅಷ್ಟು ದೊಡ್ಡ ಮನೆ ಕಣ್ಗೆ ಕಾಣಾಕಿಲ್ವಾ ಅವ್ರಿಗೆ?" ಎಂದು ಮಾವ ನಕ್ಕನಂತೆ.

ಮಾವ ನಗುತ್ತಲೇ ಒಂದು ದಿನ ತೀರಿಕೊಂಡ. ಮಕ್ಕಳಿರಲಿಲ್ಲ. ಅತ್ತೆ ಹನ್ನೊಂದನೆಯ ದಿನದ ಕರ್ಮ ಮುಗಿಸಿ, ಹನ್ನೆರಡನೆಯ ದಿನ ಬೆಳಗ್ಗೆ ಆ ಗುಂಡಿಗೆ ತಾನೇ ಇಳಿದಳು. ಹೆಂಗಸರು ನೂಲು ಸುತ್ತಬೇಕೇ ಹೊರತು ಮಗ್ಗದ ಗುಂಡಿಗೆ ಇಳಿಯುವುದುಂಟೇ ಎಂದು ಬೀದಿಯ ಹಿರಿಯರು ಗೊಣಗಿದರು. ಅತ್ತೆ ತಮಿಳಿನಲ್ಲಿ ಎರಡು ಮಾತು ಬೈದಳು, ಗೊಣಗು ನಿಂತಿತು. ನಮ್ಮತ್ತೆಯ ವಿಶೇಷ ಅದು: ಸಂತೋಷಪಡುವುದು ಕನ್ನಡದಲ್ಲಿ, ಸಿಟ್ಟಾಗುವುದು ತಮಿಳಿನಲ್ಲಿ.

ಐವತ್ತಾರರ ನವೆಂಬರಿನಲ್ಲಿ ಕೊಳ್ಳೇಗಾಲ ಕೂತಲ್ಲೇ ಕೂತು ಮೈಸೂರು ರಾಜ್ಯಕ್ಕೆ ಬಂತು. ಊರು ಬಂತು ಅಂದರೆ ಊರಿನ ಕಾಗದಗಳೂ ಕನ್ನಡಕ್ಕೆ ಬರಬೇಕಲ್ಲ! ನಮ್ಮೂರಿನ ಒಂದು ಕಚೇರಿಯಲ್ಲಿ, ಯಾವ ಕಚೇರಿ ಎಂಬುದು ಬೇಡ ಬಿಡಿ, ಹಳೆಯ ಜವಾನನೊಬ್ಬ ತಮಿಳು ಪತ್ರಗಳನ್ನು ಗಟ್ಟಿಯಾಗಿ ಓದುವುದು, ಮೈಸೂರು ಕಡೆಯಿಂದ ಬಂದ ಗುಮಾಸ್ತ ಕನ್ನಡದಲ್ಲಿ ಬರೆದುಕೊಳ್ಳುವುದು, ಹೀಗೆ ನಡೆಯಿತು. ನಮ್ಮ ಮಾವನ ಪತ್ರದಲ್ಲಿ "ಕಾಲಿ ಮನೈ" ಎಂದಿತ್ತು. ತಮಿಳಿನಲ್ಲಿ ಮನೈ ಅಂದರೆ ನಿವೇಶನ. ಮಾವ ಕೊಂಡಾಗ ಅದು ಬರೀ ಜಾಗವೇ ತಾನೆ? ಜವಾನ "ಕಾಲಿ ಮನೈ" ಎಂದು ಓದಿದ. ಗುಮಾಸ್ತ ಅಂದವಾದ ಅಕ್ಷರದಲ್ಲಿ "ಖಾಲಿ ಮನೆ" ಎಂದು ಬರೆದ. ಇಬ್ಬರ ಕಿವಿಗೂ ಸರಿಯಾಗಿಯೇ ಕೇಳಿಸಿತು. ನೋಡಿ ಚೆಂದವನ್ನು! ತಮಿಳಿನಲ್ಲಿ ಜಾಗವಿತ್ತು, ಮನೆಯೇ ಇರಲಿಲ್ಲ. ಕನ್ನಡಕ್ಕೆ ಬಂದ ಕೂಡಲೇ ಮನೆ ಬಂತು, ಅತ್ತೆ ಹೋದಳು!

ಇದು ತಿಳಿದದ್ದು ಸಂತೆಯ ಮಾಳವನ್ನು, ಅಂದರೆ ಸಂತೆ ಕೂಡುವ ಬಯಲನ್ನು, ದೊಡ್ಡದು ಮಾಡುವ ಮಾತು ಹೊರಟಾಗ. ಸುತ್ತಲ ಮನೆಗಳಲ್ಲಿ ಜನ ವಾಸವಿರುವುದನ್ನು ಬಿಟ್ಟು, ಖಾಲಿ ಬಿದ್ದಿರುವುದನ್ನು ಕೆಡವಿ ಜಾಗ ಮಾಡುತ್ತೇವೆ ಎಂದು ಪಟ್ಟಿ ಅಂಟಿಸಿದರು. ಪಟ್ಟಿಯಲ್ಲಿ ಅತ್ತೆಯ ಮನೆ ಮೊದಲನೆಯದು! ಆಗ ತಾನೆ ಮೇಷ್ಟರ ಕೆಲಸಕ್ಕೆ ಸೇರಿದ್ದ ನಾನು ಓದಿ ಹೇಳಿದೆ. ಅತ್ತೆ ಲಾಳಿ ಎಸೆದು, ಸೆರಗು ಬಿಗಿದು, ನನ್ನನ್ನು ಎಳೆದುಕೊಂಡು ಕಚೇರಿಗೆ ನಡೆದಳು.

"ಏನ್ ಸಾ, ನನ್ ಮನೇನ ಖಾಲಿ ಅಂತ ಬರ್ದಿದ್ದೀರಂತೆ?"

ಗುಮಾಸ್ತ ಪುಸ್ತಕ ತಿರುವಿದ. "ಹೌದಮ್ಮ. ರಿಕಾರ್ಡು ಹಾಗೇ ಹೇಳುತ್ತೆ."

"ರಿಕಾರ್ಡು ಬಂದು ನೋಡಿತ್ತಾ? ನಾನು ಅಲ್ಲೇ ಇವ್ನಿ ಸಾ!"

"ಅಲ್ಲೆಲ್ಲಿ ಇದ್ದೀರಿ? ಇಲ್ಲಿ ನಿಂತಿದ್ದೀರಲ್ಲ!"

"ಈಗ ಇಲ್ಲಿಗೆ ಬಂದೆ..."

"ಅಂದಮೇಲೆ ಈಗ ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಮತ್ತೆ ಖಾಲಿ ತಾನೆ?"

ಅವನು ತಮಾಷೆಗೆ ಅಂದನೋ, ನಿಜವಾಗಿಯೇ ಅಂದನೋ, ಇವತ್ತಿಗೂ ನನಗೆ ತಿಳಿಯದು. ಅತ್ತೆ ತಿರುಗಿ ಸಂತೆಬೀದಿಯ ಕಡೆ ಓಡಿದಳು. ನಲವತ್ತು ದಾಟಿದ ಹೆಂಗಸು ಹಾಗೆ ಓಡಿದ್ದನ್ನು ನಾನು ಮೊದಲು ನೋಡಿರಲಿಲ್ಲ. ಹಿಂದೆ ಉಳಿದ ನನಗೆ ಗುಮಾಸ್ತ ಸಮಾಧಾನ ಹೇಳಿದ: "ಯೋಚನೆ ಮಾಡಬೇಡಿ ಮೇಷ್ಟ್ರೇ. ಸ್ಥಳ ತನಿಖೆಗೆ ಬರ್ತಾರೆ. ಜನ ಇದ್ದರೆ ತಿದ್ದುಪಡಿ ಆಗುತ್ತೆ."

"ಯಾವಾಗ ಬರ್ತಾರೆ?"

"ಯಾವಾಗಲಾದರೂ ಬರಬಹುದು."

ಈ ಒಂದು ಮಾತು ಅತ್ತೆಯ ಬದುಕನ್ನು ಕಟ್ಟಿಹಾಕಿತು. ಬರುವುದು ನಾಳೆ ಎಂದಿದ್ದರೆ ನಾಳೆ ಕಾಯಬಹುದು. ಯಾವಾಗಲಾದರೂ ಎಂದರೆ ಯಾವಾಗಲೂ ಕಾಯಬೇಕು!

ತನಿಖೆಗೆ ಮೊದಲ ವರ್ಷವೇ ಒಬ್ಬರು ಬಂದರು. ಉರಿಬಿಸಿಲಿನ ಮಧ್ಯಾಹ್ನ. ಬೆಳಕಿನಿಂದ ಬಂದವರಿಗೆ ಒಳಗಿನ ಕತ್ತಲಲ್ಲಿ ಏನು ಕಂಡೀತು? ಬಗ್ಗಿ ಒಳಗೆ ಇಣುಕಿ, "ಯಾರೂ ಇಲ್ಲವೇನ್ರೀ?" ಎಂದರು. ಆ ಹೊತ್ತಿಗೆ ಅತ್ತೆಯ ಕೈಯಿಂದ ಲಾಳಿಯೊಳಗಿನ ನೂಲಿನ ಕಂಡಿಕೆ ಜಾರಿ ಗುಂಡಿಗೆ ಬಿದ್ದಿತ್ತು. ಆಕೆ ತಲೆ ಸಮೇತ ಗುಂಡಿಯೊಳಗೆ ಬಗ್ಗಿ ಹುಡುಕುತ್ತಿದ್ದಳು. ಹೊರಗಿನ ದನಿ ಕೇಳಿದ್ದೇ, ಕೂದಲು ಕೆದರಿಕೊಂಡು ನೆಲದೊಳಗಿನಿಂದ ದಢಕ್ಕನೆ ಎದ್ದು, "ಇವ್ನೀ...!" ಎಂದು ಅರಚಿದಳು. ಆ ಪುಣ್ಯಾತ್ಮರು ಬಾಗಿಲಿಗೆ ಹಣೆ ಬಡಿಸಿಕೊಂಡು, ಪುಸ್ತಕವನ್ನು ಅಲ್ಲೇ ಬಿಟ್ಟು, ಮಾರಿಗುಡಿಯವರೆಗೂ ನಿಲ್ಲಲಿಲ್ಲ. ಅವರು ತಿಂಗಳೊಳಗೆ ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದರು. ವರದಿಯನ್ನು ಬರೆಯಲೇ ಇಲ್ಲ. ಮನೆಯೊಳಗೆ ಏನೋ ಇದೆ ಎಂದು ಬರೆಯಲು ಸರ್ಕಾರದ ಫಾರಂನಲ್ಲಿ ಜಾಗವಿರಲಿಲ್ಲವೇನೋ.

ಆಮೇಲೆ ಅತ್ತೆ ಎಚ್ಚರವಾದಳು. ಒಬ್ಬಳಿದ್ದರೆ ಕಾಣುವುದಿಲ್ಲ ಎಂದು ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ ಇಟ್ಟಳು. ಮಾವನ ಅಂಗಿಯನ್ನು ದಿನಾ ನೆನೆಸಿ ಬೀದಿಯ ಕಡೆಗೆ ಒಣಹಾಕಿದಳು. ಹೊಗೆ ಕಾಣಲಿ ಎಂದು ಅಡುಗೆ ಇರಲಿ ಬಿಡಲಿ ಒಲೆಯಲ್ಲಿ ಹಸಿಸೌದೆ ತುರುಕಿದಳು. ನಾಲ್ಕು ಜೊತೆ ಚಪ್ಪಲಿ ಕಂಡು ಇಲ್ಲಿ ಏನೋ ಶುಭಕಾರ್ಯ ನಡೆಯುತ್ತಿದೆ ಎಂದುಕೊಂಡು ಇಬ್ಬರು ದಾಸಯ್ಯಗಳು ಊಟಕ್ಕೆ ಕೂತದ್ದೂ ಉಂಟು. ಅತ್ತೆ ಅವರಿಗೆ ಬಡಿಸಿ, "ತಿಂದಾದ್ಮೇಕೆ ಒಂದ್ ಗಳಿಗೆ ಅಂಗೇ ಕೂತಿರಿ ಸ್ವಾಮಿ, ಯಾರಾರ ನೋಡ್ಲಿ" ಎಂದಳು.

ಇದೆಲ್ಲ ನಗುವ ಮಾತು ಎಂದುಕೊಳ್ಳಬೇಡಿ. ನಗುವವರು ಹೊರಗಿದ್ದವರು. ಒಳಗಿದ್ದವಳ ಎದೆ ಪ್ರತಿ ಹೆಜ್ಜೆ ಸದ್ದಿಗೂ ಹೊಡೆದುಕೊಳ್ಳುತ್ತಿತ್ತು. ನಾನು ಮಾತಾಡುತ್ತ ಕೂತಿದ್ದರೂ ಆಕೆಯ ಒಂದು ಕಿವಿ ಬೀದಿಯಲ್ಲಿ. ಸೈಕಲ್ಲು ನಿಂತರೆ ಲಾಳಿ ನಿಲ್ಲುತ್ತಿತ್ತು. ಸೈಕಲ್ಲು ಹೋದ ಮೇಲೆ ಉಸಿರು ಬಿಟ್ಟು, ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ನೇಯುತ್ತಿದ್ದಳು. ಅವಳು ನೇಯ್ದ ಸೀರೆ ಉಟ್ಟು ಅದೆಷ್ಟೋ ಊರಿನ ಹೆಣ್ಣುಮಕ್ಕಳು ಹಸೆಗೆ ಏರಿದರು. ಅತ್ತೆ ಒಂದು ಮದುವೆಗೂ ಹೋಗಲಿಲ್ಲ.

ನನ್ನ ಮದುವೆ ಬಂತು. ಹೆಣ್ಣು ಯಳಂದೂರಿನ ಹತ್ತಿರದ ಮಾಂಬಳ್ಳಿಯವಳು, ಮದುವೆಯೂ ಅಲ್ಲೇ. ಸೋದರತ್ತೆ ಇಲ್ಲದೆ ಮದುವೆ ಉಂಟೇ? ಬಳಗವೆಲ್ಲ ಮದುವೆಗೆ ಹೊರಟಮೇಲೆ ಮನೆ ಕಾಯುವವರು ಯಾರು? ಅತ್ತೆ ಮೂರು ದಿನ ಯೋಚಿಸಿ, ನನ್ನನ್ನೇ ಕರೆದಳು.

"ಲೋ, ನೀನೇ ಒಂದಿನ ಇಲ್ಲಿ ಕೂತ್ಕಂಡ್ರೆ ಆಗಾಕಿಲ್ವಾ?"

"ಅತ್ತೆ, ಮದುವೆ ನಂದು!"

"ಅದೂ ಸರಿ ಅನ್ನು" ಎಂದು ನಿಟ್ಟುಸಿರು ಬಿಟ್ಟಳು.

ಕೊನೆಗೆ ಎದುರು ಜಗುಲಿಯಲ್ಲಿ ಕೂರುತ್ತಿದ್ದ ಒಬ್ಬ ಮುದುಕನನ್ನು ಒಪ್ಪಿಸಿದಳು. "ಯಾರಾರ ಕೂಗಿದ್ರೆ ಇವ್ನಿ ಅನ್ನು ತಾತ, ಸಾಕು" ಎಂದು ಹತ್ತು ಸಲ ಹೇಳಿದಳು. ಮುದುಕ ಹತ್ತು ಸಲವೂ ತಲೆಯಾಡಿಸಿದ. ಮಾಂಬಳ್ಳಿಗೆ ಬಂದು, ಕಾಲು ತೊಳೆದು, ಚಪ್ಪರದಲ್ಲಿ ಕೂತು, ಪಾನಕದ ಲೋಟ ಬಾಯಿಗಿಟ್ಟವಳು ತಟ್ಟನೆ ಎದ್ದು ನಿಂತಳು. "ಅಯ್ಯೋ ಶಿವನೇ! ಆ ಮುದುಕನಿಗೆ ಕಿವಿ ಕೇಳಾಕಿಲ್ಲ!"

ಅಲ್ಲಿಂದ ಮುಂದೆ ಮದುವೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅತ್ತೆ ನಿಂತಲ್ಲಿ ನಿಲ್ಲಲಿಲ್ಲ. "ಮೂರ್ತ ಎಷ್ಟೊತ್ಗೆ ಸ್ವಾಮಿ?" ಎಂದು ಪುರೋಹಿತರನ್ನು ಐದು ಸಲ ಕೇಳಿದಳು. "ಒಂಚೂರು ಮುಂದಕ್ ತಕಬೌದಾ?" ಎಂದು ಆರನೆಯ ಸಲ ಕೇಳಿದಾಗ ಪುರೋಹಿತರು ಮಂತ್ರ ತಪ್ಪಿದರು. ಅಷ್ಟರಲ್ಲಿ ರಸ್ತೆಯಲ್ಲಿ ಕೊಳ್ಳೇಗಾಲದ ಬಸ್ಸಿನ ಹಾರನ್ನು ಕೇಳಿತು. ಇನ್ನೂ ತಾಳಿ ತಟ್ಟೆಯಲ್ಲೇ ಇದೆ. ಅತ್ತೆ ಹಿಡಿ ಅಕ್ಷತೆ ಬಾಚಿ ನಮ್ಮಿಬ್ಬರ ತಲೆಯ ಮೇಲೆ ಎಸೆದು, "ನೂರ್ಕಾಲ ಚೆಂದಾಗ್ ಬಾಳಿ, ನಾ ಬತ್ತೀನಿ" ಎಂದು ಬಸ್ಸಿನ ಕಡೆ ಓಡಿದಳು. ಸೋದರತ್ತೆಯೇ ಎಸೆದ ಮೇಲೆ ಇನ್ನೇನು ಎಂದು ಚಪ್ಪರದ ಜನವೆಲ್ಲ ದಬದಬನೆ ಅಕ್ಷತೆ ಹಾಕಿದರು. ವಾದ್ಯದವರು ಗಟ್ಟಿಮೇಳ ಬಾರಿಸಿಬಿಟ್ಟರು! ನನ್ನ ಹೆಂಡತಿ ಈಗಲೂ ಅನ್ನುತ್ತಾಳೆ, ಲೋಕಕ್ಕೆಲ್ಲ ಮುಹೂರ್ತದಲ್ಲಿ ಮದುವೆ, ನಮಗೆ ಮುಹೂರ್ತಕ್ಕೆ ಕಾಲು ಗಂಟೆ ಮೊದಲೇ ಎಂದು. ಮುದುಕ ಏನಾದ ಎಂದಿರಾ? ಅತ್ತೆ ಹೋಗಿ ನೋಡಿದರೆ, ಮಗ್ಗದ ಪಕ್ಕ ಗೊರಕೆ ಹೊಡೆಯುತ್ತ ಮಲಗಿದ್ದ. ಆ ಗೊರಕೆ ಬೀದಿಯ ಆ ತುದಿಗೆ ಕೇಳುತ್ತಿತ್ತಂತೆ. ಆ ದಿನ ಯಾರು ಬಂದಿದ್ದರೂ ಮನೆ ಖಾಲಿ ಎನ್ನುವ ಧೈರ್ಯ ಮಾಡುತ್ತಿರಲಿಲ್ಲ.

ಅರವತ್ತೊಂದರ ಜನಗಣತಿಗೆ ಮೇಷ್ಟರುಗಳನ್ನು ಹಾಕಿದಾಗ ಸಂತೆಬೀದಿ ನನ್ನ ಪಾಲಿಗೆ ಬಂತು. ಅತ್ತೆಗೆ ಹಬ್ಬವಾಯಿತು. ಎಣ್ಣೆ ಹಾಕಿ ತಲೆ ಬಾಚಿ, ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

"ಮನೇಲಿ ಎಷ್ಟು ಜನ?" ಎಂದೆ, ಕೇಳಬೇಕಲ್ಲ ಎಂದು.

"ಆರು ಬರ್ಕೊ."

"ಅತ್ತೆ! ಒಬ್ಬಳೇ ಅಲ್ವಾ ನೀನು?"

"ಒಬ್ಳು ಅಂದ್ರೆ ನಂಬ್ತಾರಾ? ಆರು ಅಂದ್ರೆ ಒಬ್ಳಾದ್ರೂ ಇದ್ದಾಳು ಅಂದ್ಕತಾರೆ. ಬರ್ಕೊ ಅಂದ್ರೆ!"

ಅದು ಸರ್ಕಾರಕ್ಕೆ ಸುಳ್ಳು ಹೇಳಿದಂತೆ, ನನ್ನ ಕೆಲಸ ಹೋಗುತ್ತದೆ ಎಂದು ಹೆದರಿಸಿದ ಮೇಲೆ ಒಪ್ಪಿದಳು. ಒಂದು ಎಂದು ಬರೆದೆ. ಓದು ಎಂದಳು, ಓದಿದೆ. ಇನ್ನೊಂದು ಸಲ ಓದು ಎಂದಳು. ಅಕ್ಷರ ಬಾರದ ಆಕೆ ಆ ಅಂಕಿಯ ಮೇಲೆ ಬೆರಳಿಟ್ಟು, "ಇದಾ ನಾನು?" ಎಂದು ಬಹಳ ಹೊತ್ತು ನೋಡಿದಳು. ಆ ಹಾಳೆಯನ್ನು ತನಗೇ ಕೊಡು, ಕಚೇರಿಗೆ ತೋರಿಸುತ್ತೇನೆ ಎಂದು ಹಿಡಿದ ಹಟ ಬಿಡಿಸುವುದರಲ್ಲಿ ನನಗೆ ಸಾಕುಸಾಕಾಯಿತು. ಜನಗಣತಿಯ ಕಾಗದ ಒಂದು ಕಚೇರಿಯದು, ಮನೆಯ ಕಾಗದ ಇನ್ನೊಂದು ಕಚೇರಿಯದು, ಆ ಎರಡೂ ಒಂದಕ್ಕೊಂದು ಮಾತಾಡುವುದಿಲ್ಲ ಎಂಬುದನ್ನು ಆಕೆಗೆ ನಾನು ಹೇಗೆ ವಿವರಿಸಲಿ? ಅದು ಯಾಕೆ ಹಾಗೆ ಎಂಬುದು ನನಗೇ ತಿಳಿದಿರಲಿಲ್ಲ.

ಹೀಗೇ ವರ್ಷಗಳು ಹೋದವು. ನಾನು ಅರ್ಜಿ ಬರೆದೆ. ಕೆಲವಕ್ಕೆ ಉತ್ತರ ಬರಲಿಲ್ಲ, ಉಳಿದವಕ್ಕೆ "ತನಿಖೆಯ ನಂತರ ತಿಳಿಸಲಾಗುವುದು" ಎಂದು ಬಂತು. ಅಕ್ಕಪಕ್ಕದ ಖಾಲಿ ಮನೆಗಳು ಒಂದೊಂದಾಗಿ ಬಿದ್ದವು. ಅತ್ತೆಯ ಮನೆ ಮಾತ್ರ, ತನಿಖೆ ಬಾಕಿ ಎಂದು, ಸಂತೆಯ ನಡುವೆ ಒಂಟಿಯಾಗಿ ನಿಂತಿತ್ತು. ಗಾಳಿ ಬೀಸಿದರೆ ಹೆಂಚು ಜಾರುತ್ತಿತ್ತು. ನಮ್ಮ ಮನೆಗೆ ಬಂದುಬಿಡು ಎಂದು ನಾನೂ ನನ್ನ ಹೆಂಡತಿಯೂ ಎಷ್ಟು ಸಲ ಕರೆದೆವೋ. "ಓಯ್ತೀನಿ ಕಣ್ಲಾ, ಓಗಾಕಿಲ್ಲ ಅಂದ್ನಾ? ಮದ್ಲು ಒಂದ್ಸಲ ಅವ್ರು ಬಂದು, ಇವ್ಳು ಇಲ್ಲವ್ಳೆ ಅಂತ ಬರ್ಕಂಡ್ ಓಗ್ಲಿ. ಆಮೇಕೆ ಎಲ್ಲಿಗ್ ಬೇಕಾದ್ರೂ ಓಯ್ತೀನಿ" ಅನ್ನುತ್ತಿದ್ದಳು. ಆಕೆಗೆ ಮನೆ ಬೇಕಿತ್ತೋ, ಆ ಮಾತು ಬೇಕಿತ್ತೋ! ನನಗೆ ಎರಡನೆಯದೇ ಎಂದು ಅನುಮಾನ.

ಎಪ್ಪತ್ತರ ಮೇಲೆ ನನಗೆ ಮಾರ್ಟಳ್ಳಿಯ ಕಡೆಗೆ ವರ್ಗವಾಯಿತು. ಶನಿವಾರ ಬಸ್ಸು ಹತ್ತಿ ಊರಿಗೆ ಬಂದು, ಸೋಮವಾರ ಹಿಂದಕ್ಕೆ. ಒಂದು ಶನಿವಾರ ಬಸ್ಸು ಅಜ್ಜೀಪುರದ ಹತ್ತಿರ ಕೆಟ್ಟು ನಿಂತಿತು. ರಿಪೇರಿ ಆಗುವಷ್ಟರಲ್ಲಿ ನಾನು ಇಳಿದು, ಮರ್ಯಾದಸ್ಥರು ಹೋಗುವಂತೆ ದೂರದ ಒಂದು ಮರದ ಹಿಂದಕ್ಕೆ ಹೋದೆ. ಮರ್ಯಾದೆ ಕೊಂಚ ಹೆಚ್ಚಾಯಿತು ಎಂದು ಕಾಣುತ್ತದೆ. ತಿರುಗಿ ನೋಡಿದರೆ ಬಸ್ಸಿಲ್ಲ! ನನ್ನ ಚೀಲ, ಬಿಳಿ ಬಣ್ಣದಲ್ಲಿ ಹೆಸರು ಬರೆಸಿದ್ದ ನನ್ನ ಛತ್ರಿ, ಎಲ್ಲ ಬಸ್ಸಿನಲ್ಲೇ. ಕಂಡಕ್ಟರಿಗೆ ಸಹಸ್ರನಾಮ ಮಾಡುತ್ತ ಊರೊಳಗೆ ಹೋಗಿ, ಪರಿಚಯದವರ ಮನೆಯಲ್ಲಿ ಮಜ್ಜಿಗೆ ಕುಡಿದು, ಮುಂದಿನ ಬಸ್ಸಿಗೆ ಕಾಯುತ್ತ ಕೂತೆ.

ನನ್ನನ್ನು ಬಿಟ್ಟುಹೋದ ಆ ಬಸ್ಸು ಅಜ್ಜೀಪುರ ದಾಟಿ ಎರಡು ಮೈಲಿಯಲ್ಲಿ ಹಳ್ಳಕ್ಕೆ ಮಗುಚಿಕೊಂಡಿತ್ತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ, ಕೈಕಾಲು ಮುರಿದವು. ಹಿಂದೆ ಬಂದ ಲಾರಿಯವನು ಪೆಟ್ಟಾದವರನ್ನೂ ಚೆಲ್ಲಿದ್ದ ಸಾಮಾನನ್ನೂ ತುಂಬಿಕೊಂಡು ಕೊಳ್ಳೇಗಾಲಕ್ಕೆ ಬಂದ. ಛತ್ರಿಯ ಮೇಲಿನ ಹೆಸರು ನೋಡಿ, ನನ್ನ ಹೆಂಡತಿ ತವರಿಗೆ ಹೋಗಿ ಮನೆಗೆ ಬೀಗವಿದ್ದದ್ದರಿಂದ, ಯಾರೋ ಅದನ್ನು ಅತ್ತೆಯ ಬಾಗಿಲಿಗೆ ತಂದರು.

"ಬಸ್ಸು ಬಿತ್ತು ಕಣವ್ವಾ. ಮೇಷ್ಟ್ರ ಛತ್ರಿ ಸಿಕ್ತು, ಮೇಷ್ಟ್ರು ಸಿಗ್ನಿಲ್ಲ" ಎಂದರಂತೆ.

ಮುಂದಿನ ಬಸ್ಸು ಬಾರದೆ, ನಾನು ಆ ಎರಡು ಮೈಲಿ ನಡೆದು ಬಂದಾಗ ಹೊತ್ತು ಇಳಿಯುತ್ತಿತ್ತು. ಹಳ್ಳದಲ್ಲಿ ಬಸ್ಸು ಚಕ್ರ ಮೇಲಾಗಿ ಬಿದ್ದಿದೆ. ಜನವೆಲ್ಲ ಹೋಗಿಯಾಗಿದೆ. ಒಬ್ಬ ಹೆಂಗಸು ಮಾತ್ರ ಬರಿಗಾಲಲ್ಲಿ, ಲಂಟಾನದ ಪೊದೆಯೊಳಗೆ ನುಗ್ಗಿ, ನನ್ನ ಛತ್ರಿಯಿಂದಲೇ ಗಿಡ ಸರಿಸಿ ಸರಿಸಿ ಏನನ್ನೋ ಹುಡುಕುತ್ತಿದ್ದಾಳೆ. ಕೈಯೆಲ್ಲ ಮುಳ್ಳು ತರಚಿದೆ. ಬಾಯಲ್ಲಿ ನನ್ನ ಹೆಸರು, ಕನ್ನಡದಲ್ಲೂ ತಮಿಳಿನಲ್ಲೂ ಬೈಗುಳ. ಊರಿನಿಂದ ಅಷ್ಟು ದೂರ ಯಾವ ಲಾರಿ ಹತ್ತಿ ಬಂದಳೋ, ನಮ್ಮತ್ತೆ!

"ಏನತ್ತೆ ಹುಡುಕ್ತಿದ್ದೀಯ?" ಎಂದೆ, ಇದಕ್ಕಿಂತ ಬುದ್ಧಿಯಿಲ್ಲದ ಮಾತು ಬೇರೆ ಸಿಗದೆ.

ಆಕೆ ತಿರುಗಿದಳು. ನೋಡಿದಳು. ಹತ್ತಿರ ಬಂದು ನನ್ನ ತಲೆ, ಕೈ, ಕಾಲು ಎಲ್ಲ ಮುಟ್ಟಿ ಮುಟ್ಟಿ ಸರಿಯಾಗಿದೆಯೇ ಎಂದು ನೋಡಿದಳು. ಎಲ್ಲ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಛತ್ರಿ ಎತ್ತಿ ಹೊಡೆಯತೊಡಗಿದಳು! ಬಸ್ಸು ಮಗುಚಿದರೂ ಮುರಿಯದ ಛತ್ರಿ ನನ್ನ ಬೆನ್ನ ಮೇಲೆ ಎರಡು ತುಂಡಾಯಿತು. ಆಮೇಲೆ ರಸ್ತೆಯ ಬದಿಗೆ ಕುಕ್ಕರುಗಾಲಲ್ಲಿ ಕೂತು ಅತ್ತಳು. ನಾನೂ ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಆಕೆಯ ಅಳು ಫಕ್ಕನೆ ನಿಂತಿತು.

"ಲೋ... ಮನೇಲಿ ಯಾರೂ ಇಲ್ಲ ಕಣ್ಲಾ."

ಹುಣಸೆಹಣ್ಣಿನ ಲಾರಿಯೊಂದರ ಮೇಲೆ ಕೂತು ಹನೂರು ದಾಟಿ ಕೊಳ್ಳೇಗಾಲಕ್ಕೆ ಬಂದೆವು. ದಾರಿಯಲ್ಲಿ ಅತ್ತೆ ಲಾರಿ ಎಲ್ಲಿ ನಿಂತರೂ ಎದ್ದು ನಿಲ್ಲುತ್ತಿದ್ದಳು. ನಾನು, ಇಷ್ಟು ವರ್ಷ ತಿರುಗಿ ಬಾರದವರು ಇವತ್ತೇ ಬಂದಾರೆಯೇ ಎಂದು ಧೈರ್ಯ ಹೇಳಿದೆ. ನನ್ನ ಎದೆಯೇ ನನ್ನ ಮಾತು ನಂಬಲಿಲ್ಲ. ಮುಸ್ಸಂಜೆಯಲ್ಲಿ ಸಂತೆಬೀದಿಗೆ ಬಂದು ನೋಡಿದರೆ, ತೆರೆದ ಬಾಗಿಲು ತೆರೆದ ಹಾಗೇ ಇದೆ. ಬಾಗಿಲ ಮೇಲೆ ಅಂಟು ಇನ್ನೂ ಆರದ ಒಂದು ಕಾಗದ.

"ಓದು" ಎಂದಳು.

"ಈ ದಿನ ಸಂಜೆ ಸ್ಥಳ ತನಿಖೆ ಮಾಡಲಾಯಿತು. ಮೂರು ಬಾರಿ ಕೂಗಲಾಗಿ ಉತ್ತರ ಬರಲಿಲ್ಲ. ಮನೆ ಖಾಲಿ ಇರುತ್ತದೆ."

ಸೋಮವಾರ ಶಾಲೆಗೆ ರಜೆ ಹಾಕಿ ಕಚೇರಿಗೆ ಹೋದೆ. ಆಗಿದ್ದ ಅಧಿಕಾರಿ ಒಳ್ಳೆಯವರು. ನಡೆದದ್ದೆಲ್ಲ ಕೇಳಿ ಅವರ ಮನಸ್ಸು ಕರಗಿತು. "ಆಕೆ ಅಲ್ಲಿದ್ದಾರೆ ಅಂತ ನನಗೂ ಗೊತ್ತು ಮೇಷ್ಟ್ರೇ. ಆದರೆ ವರದಿ ಆಗಿಹೋಗಿದೆ. ಹತ್ತಿರದ ಸಂಬಂಧಿಕರ ಸಾವಿನ ಸುದ್ದಿ ಬಂದು ಹೋಗಿದ್ದರೆ ಮಾತ್ರ ನಿಯಮದಲ್ಲಿ ಒಂದು ಅವಕಾಶ ಇದೆ. ಬಸ್ಸು ಬಿದ್ದದ್ದು ಊರಿಗೇ ಗೊತ್ತು. ಅದನ್ನೇ ಬರೆದು, ಆಕೆಯ ಹೆಬ್ಬೆಟ್ಟು ಹಾಕಿಸಿ, ನಾಳೆ ಸಂಜೆಯೊಳಗೆ ತಂದುಕೊಡಿ. ವರದಿ ಹೊಡೆದುಹಾಕಿ, ವಾಸವಿದ್ದಾರೆ ಅಂತ ನಾನೇ ಬರೀತೀನಿ. ನಾಳಿದ್ದು ಕಡತ ಮೇಲಕ್ಕೆ ಹೋಗುತ್ತೆ, ಆಮೇಲೆ ನನ್ನ ಕೈಲಿಲ್ಲ."

ಕುಣಿಯುತ್ತ ಬಂದೆ. ನನ್ನ ಆಯಸ್ಸಿನಲ್ಲೇ ಅಂಥ ಅರ್ಜಿ ಬರೆದಿರಲಿಲ್ಲ. ಮುದ್ರೆಯ ಶಾಯಿಯ ಡಬ್ಬಿಯನ್ನೂ ಊರಿನ ಶಾಲೆಯಿಂದ ತರಿಸಿದ್ದೆ. ಮಗ್ಗದ ಅಂಚಿನಲ್ಲಿ ಕೂತಿದ್ದ ಅತ್ತೆಯ ಹೆಬ್ಬೆಟ್ಟನ್ನು ನಾನೇ ಹಿಡಿದು ಶಾಯಿಗೆ ಒತ್ತಿ, ಕಾಗದ ಮುಂದಿಟ್ಟೆ.

"ಮದ್ಲು ಏನ್ ಬರ್ದಿದ್ದೀಯ ಅಂತ ಓದು."

ಗಂಟಲು ಸರಿಮಾಡಿಕೊಂಡು ಓದಿದೆ. "ನನ್ನ ಸೋದರಳಿಯನು ಬಸ್ಸು ಅಪಘಾತದಲ್ಲಿ ಮೃತಪಟ್ಟನೆಂಬ ಸುದ್ದಿ ತಲುಪಿದ ಕಾರಣ..."

"ನಿಲ್ಲು. ಮೃತಪಟ್ಟ ಅಂದ್ರೇನು?"

"ತೀರಿಕೊಂಡ ಅಂತ."

"ಯಾರು?"

"ನಾನೇ ಅತ್ತೆ. ಆವತ್ತು ನಿನಗೆ ಹಾಗೇ ತಾನೆ ಸುದ್ದಿ ಬಂದದ್ದು?"

ಕಾಗದದ ಮೇಲೆ ಬಂದಿದ್ದ ಕೈ ಹಿಂದಕ್ಕೆ ಹೋಯಿತು. "ಬ್ಯಾಡ."

"ಬೇಡ ಅಂದ್ರೆ? ಬರೀ ಒಂದು ಮಾತು ಅತ್ತೆ! ಇದೊಂದಕ್ಕೆ ಹೆಬ್ಬೆಟ್ಟು ಒತ್ತಿದರೆ ನೀನು ಇಲ್ಲಿದ್ದೀಯ ಅಂತ ನಾಳೆ ಬರೀತಾರೆ. ಹದಿನಾಲ್ಕು ವರ್ಷದಿಂದ ಇದಕ್ಕೇ ತಾನೆ ಕಾದದ್ದು?"

"ಯಾರ್ಲಾ ಬರೀ ಮಾತು ಅಂದೋರು?" ಅತ್ತೆ ಸಿಟ್ಟಾಗಲಿಲ್ಲ. ತಮಿಳಿಗೆ ಹೋಗಲಿಲ್ಲ. ಮೆಲ್ಲಗೆ, ಕನ್ನಡದಲ್ಲೇ ಹೇಳಿದಳು: "ಯಾವನೋ ಒಬ್ಬ, ಮಕ ಕೂಡ ಗೊತ್ತಿಲ್ದೋನು, ಒಂದ್ ಮಾತ್ನ ತಪ್ಪಾಗಿ ಬರ್ದ. ನಾನು ಬದ್ಕಿದ್ದೂ ಅದ್ನ ಅಳ್ಸಾಕೆ ನನ್ ಕೈಲಿ ಆಗ್ನಿಲ್ಲ. ಈಗ ನೀನೇ ನಿನ್ ಕೈಯಾರೆ, ಸತ್ತೋದೆ ಅಂತ ಬರ್ಕಬಂದಿದ್ದೀಯಲ್ಲಾ, ಅದ್ಕೆ ನಾನು ಹೆಬ್ಬೆಟ್ ಒತ್ಲಾ? ನಾಳೀಕೆ ಅದ್ನ ಯಾರ್ಲಾ ಅಳ್ಸೋರು?"

ನಾನು ವಾದ ಮಾಡಿದೆ. ಮೇಷ್ಟರಲ್ಲವೇ, ವಾದ ಬಲ್ಲೆ. ಬೇಡಿಕೊಂಡೆ. ಸುದ್ದಿ ಎಂದು ಬರೆದಿದೆ, ನಿಜ ಎಂದು ಬರೆದಿಲ್ಲ ಎಂದೆ. ಆಕೆ ಕಾಗದವನ್ನು ತೆಗೆದು, ಎರಡಾಗಿ ಹರಿದು, ನಾಲ್ಕಾಗಿ ಹರಿದು, ಹಸಿಸೌದೆ ಹೊಗೆಯಾಡುತ್ತಿದ್ದ ಒಲೆಗೆ ಹಾಕಿದಳು. ಪೂರ್ತಿ ಸುಡುವವರೆಗೂ ಅಲ್ಲೇ ನಿಂತಳು. "ಓಗ್ಲಿ ಬಿಡು. ಮಣ್ ಗೋಡೆ ತಾನೆ" ಎಂದಳು.

ಆಮೇಲೆ ನನ್ನ ಹತ್ತಿರ ಬಂದಳು. ಶಾಯಿ ಇನ್ನೂ ಹಸಿಯಾಗಿದ್ದ ಆ ಹೆಬ್ಬೆಟ್ಟನ್ನು ನನ್ನ ಎಡಗೆನ್ನೆಯ ಮೇಲೆ ಇಟ್ಟು, ಗಟ್ಟಿಯಾಗಿ ಒತ್ತಿದಳು. ಎಳೆಮಕ್ಕಳಿಗೆ ದೃಷ್ಟಿಬೊಟ್ಟು ಇಡುತ್ತಾರಲ್ಲ, ಹಾಗೆ. ನನಗೆ ಆಗ ಮೂವತ್ತೇಳು ವರ್ಷ. ಎರಡು ಮಕ್ಕಳ ತಂದೆ, ಊರಿಗೆಲ್ಲ ಬುದ್ಧಿ ಹೇಳುವ ಮೇಷ್ಟರು. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನಾನು ಒರೆಸಿಕೊಳ್ಳಲಿಲ್ಲ, ಒರೆಸಿದರೆ ಶಾಯಿ ಹರಡುತ್ತದೆ ಎಂದು. ಮುಖ ತೊಳೆಯದೆ, ಆ ಗುರುತು ಹಾಗೇ ಇಟ್ಟುಕೊಂಡು, ಜನ ತುಂಬಿದ ಸಂತೆಬೀದಿಯುದ್ದಕ್ಕೂ ನಡೆದು ಮನೆಗೆ ಹೋದೆ.